ಮೊದಲ ಸಹಾಯಾರ್ಥ ಓಟ: ಸಂಸ್ಥೆಯ ಆಯ್ಕೆಯಿಂದ ಲೆಕ್ಕ ಒಪ್ಪಿಸುವವರೆಗೆ

ಒಂದು ಒಳ್ಳೆಯ ಕೆಲಸಕ್ಕೆ ಹಣ ಕೂಡಿಸಲೆಂದು ಓಡುವವರು ಸಾಮಾನ್ಯವಾಗಿ ಓಟದ ಅಭ್ಯಾಸಕ್ಕೆ ತಿಂಗಳುಗಟ್ಟಲೆ ಸಮಯ ಕೊಡುತ್ತಾರೆ, ಆದರೆ ದೇಣಿಗೆ ಕೇಳುವ ಕೆಲಸವನ್ನು ಕೊನೆಯ ಎರಡು ವಾರಗಳಿಗೆ ತಳ್ಳಿಬಿಡುತ್ತಾರೆ. ಇದರ ಪರಿಣಾಮ ಎರಡು ಕಡೆಯೂ ಕಾಣುತ್ತದೆ. ಹಣ ನಿರೀಕ್ಷಿಸಿದಷ್ಟು ಬರುವುದಿಲ್ಲ. ಬಂದಷ್ಟು ಹಣದ ಋಣಭಾರ ಮಾತ್ರ ಓಟಗಾರರ ಹೆಗಲೇರಿ, ಮೊಣಕಾಲು ನೋಯುತ್ತಿದ್ದರೂ ಓಡುವಂತೆ ಮಾಡುತ್ತದೆ. ಕೇಳುವುದಕ್ಕೂ ಓಡುವಷ್ಟೇ ಸಿದ್ಧತೆ ಬೇಕು ಮತ್ತು ಎರಡೂ ಒಂದೇ ದಿನ ಆರಂಭವಾಗಬೇಕು ಎಂಬ ನಂಬಿಕೆಯಿಂದ ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ. ಇದುವರೆಗೆ ಓಡಿ ಅಭ್ಯಾಸವಿಲ್ಲದ, ಆದರೆ ಅರ್ಧ ಗಂಟೆ ಚುರುಕಾಗಿ ನಡೆಯಬಲ್ಲ ವಯಸ್ಕರು 12 ವಾರಗಳಲ್ಲಿ 10 ಕಿಲೋಮೀಟರ್ ಓಡುವುದನ್ನು ಇಲ್ಲಿ ಗುರಿಯಾಗಿ ಇಟ್ಟುಕೊಳ್ಳಲಾಗಿದೆ.

ಯಾರಿಗಾಗಿ ಓಡುವುದು

ಮೊದಲು ಆರಿಸಬೇಕಾದದ್ದು ಸಂಸ್ಥೆಯನ್ನು, ಓಟವನ್ನಲ್ಲ. ಯಾವ ಕೆಲಸದ ಬಗ್ಗೆ ನೀವು ಅಪರಿಚಿತರೊಂದಿಗೂ ಎರಡು ನಿಮಿಷ ತಡವರಿಸದೆ ಮಾತನಾಡಬಲ್ಲಿರೋ ಆ ಕೆಲಸವನ್ನು ಆರಿಸಿಕೊಳ್ಳಿ. ಮುಂದಿನ ಮೂರು ತಿಂಗಳು ನೀವು ಅದನ್ನೇ ಮತ್ತೆ ಮತ್ತೆ ವಿವರಿಸಬೇಕಾಗುತ್ತದೆ. ಬಳಿಕ ಸಂಸ್ಥೆಯ ಕಾಗದಪತ್ರಗಳನ್ನು ನೋಡಿ. ಅದು ಕಾನೂನಿನ ಪ್ರಕಾರ ನೋಂದಣಿಯಾಗಿದೆಯೇ, ವಾರ್ಷಿಕ ವರದಿಯನ್ನೂ ಲೆಕ್ಕಪರಿಶೋಧನೆಯಾದ ಜಮಾಖರ್ಚನ್ನೂ ಸಾರ್ವಜನಿಕವಾಗಿ ಪ್ರಕಟಿಸುತ್ತದೆಯೇ, ದಾನಿಗಳಿಗೆ ರಸೀದಿ ಕೊಡುತ್ತದೆಯೇ ಎಂಬ ಮೂರು ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ಸಿಗದಿದ್ದರೆ ಬೇರೆ ಸಂಸ್ಥೆಯನ್ನು ಹುಡುಕುವುದು ಮೇಲು. ಆಡಳಿತ ವೆಚ್ಚ ಕಡಿಮೆ ಎಂಬುದೊಂದನ್ನೇ ಒಳ್ಳೆಯ ಸಂಸ್ಥೆಯ ಗುರುತು ಎಂದು ತಿಳಿಯಬಾರದು. ತರಬೇತಾದ ಸಿಬ್ಬಂದಿಗೆ ಸರಿಯಾದ ಸಂಬಳ ಕೊಡದ ಸಂಸ್ಥೆ ಹೆಚ್ಚು ದಿನ ಒಳ್ಳೆಯ ಕೆಲಸ ಮಾಡಲಾರದು.

ನೀವು ಕೂಡಿಸುವ ಹಣ ನಿಮ್ಮ ಖಾತೆಗೆ ಬರದೆ ನೇರವಾಗಿ ಸಂಸ್ಥೆಯ ಖಾತೆಗೆ ಹೋಗುವ ವ್ಯವಸ್ಥೆ ಇರಲಿ. ಆನ್‌ಲೈನ್ ದೇಣಿಗೆ ವೇದಿಕೆಯನ್ನು ಬಳಸುವುದಾದರೆ ಅದು ಪ್ರತಿ ದೇಣಿಗೆಯಲ್ಲಿ ಎಷ್ಟು ಪಾಲು ಹಿಡಿದುಕೊಳ್ಳುತ್ತದೆ ಎಂಬುದನ್ನು ಮೊದಲೇ ತಿಳಿದುಕೊಂಡು ದಾನಿಗಳಿಗೂ ತಿಳಿಸಿ. ದೇಣಿಗೆ ಒಂದು ನಿರ್ದಿಷ್ಟ ಯೋಜನೆಗೆ ಮಾತ್ರ ಮೀಸಲೋ ಅಥವಾ ಸಂಸ್ಥೆಯ ಒಟ್ಟಾರೆ ಕೆಲಸಕ್ಕೋ ಎಂಬುದನ್ನೂ ಸಂಸ್ಥೆಯಿಂದ ಬರಹದಲ್ಲಿ ಪಡೆದುಕೊಳ್ಳಿ. ಕೊಟ್ಟವರು ಮುಂದೆ ಕೇಳುವ ಮೊದಲ ಪ್ರಶ್ನೆ ಬಹುಮಟ್ಟಿಗೆ ಇದೇ ಆಗಿರುತ್ತದೆ.

ದೊಡ್ಡ ಓಟಗಳಿಗೆ ಪ್ರವೇಶ ಪಡೆಯಲು ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ. ಒಂದು, ನೀವೇ ಶುಲ್ಕ ಕಟ್ಟಿ ಸೇರಿಕೊಂಡು ಇಷ್ಟಬಂದಷ್ಟು ಹಣ ಕೂಡಿಸುವುದು. ಇನ್ನೊಂದು, ಸಂಸ್ಥೆಗಳಿಗೆಂದು ಮೀಸಲಿಟ್ಟ ಸ್ಥಾನವನ್ನು ಪಡೆದು ಇಂತಿಷ್ಟು ಕನಿಷ್ಠ ಮೊತ್ತ ತರುವುದಾಗಿ ಒಪ್ಪಿಕೊಳ್ಳುವುದು. ಎರಡನೆಯದರಲ್ಲಿ ಕೊರತೆ ಬಿದ್ದರೆ ಉಳಿದ ಮೊತ್ತವನ್ನು ನೀವೇ ಭರಿಸಬೇಕಾಗಬಹುದು. ಗಾಯವಾಗಿ ಓಡಲಾಗದಿದ್ದರೆ ಆ ಒಪ್ಪಂದ ಏನಾಗುತ್ತದೆ ಎಂಬ ಷರತ್ತನ್ನು ಸಹಿ ಹಾಕುವ ಮೊದಲೇ ಓದಬೇಕು. ಮೊದಲ ಸಲ ಓಡುವವರಿಗೆ ಮೊದಲ ದಾರಿಯೇ ಸರಿ ಎಂಬುದು ನನ್ನ ಅಭಿಪ್ರಾಯ.

ಎಷ್ಟು ದೂರ

ಬಹುತೇಕ ಓಟಗಳು 5 ಕಿಲೋಮೀಟರ್, 10 ಕಿಲೋಮೀಟರ್, 21.0975 ಕಿಲೋಮೀಟರ್‌ನ ಅರ್ಧ ಮ್ಯಾರಥಾನ್ ಮತ್ತು 42.195 ಕಿಲೋಮೀಟರ್‌ನ ಪೂರ್ಣ ಮ್ಯಾರಥಾನ್ ಎಂಬ ನಾಲ್ಕು ದೂರಗಳಲ್ಲಿ ನಡೆಯುತ್ತವೆ. ದೂರ ಹೆಚ್ಚಾದಷ್ಟೂ ದೇಣಿಗೆ ಹೆಚ್ಚುತ್ತದೆ ಎಂದು ಹಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಕೊಡುವವರಲ್ಲಿ ಹೆಚ್ಚಿನವರು ನೀವು ಕೇಳಿದಿರಿ ಎಂಬ ಕಾರಣಕ್ಕೆ ಕೊಡುತ್ತಾರೆಯೇ ಹೊರತು ಕಿಲೋಮೀಟರ್ ಎಣಿಸಿ ಕೊಡುವುದಿಲ್ಲ. ಓಟದ ಅನುಭವವೇ ಇಲ್ಲದವರು ನೇರವಾಗಿ ಮ್ಯಾರಥಾನ್‌ಗೆ ಹೆಸರು ನೋಂದಾಯಿಸಿ ಊರಿಗೆಲ್ಲ ಸಾರುವುದು ದೇಹಕ್ಕೂ ಕೊಟ್ಟ ಮಾತಿಗೂ ಅಪಾಯಕಾರಿ. ಹತ್ತು ಕಿಲೋಮೀಟರ್ ಸುಲಭವೆಂದು ಯಾರೂ ತಳ್ಳಿಹಾಕದಷ್ಟು ಉದ್ದವಾಗಿದೆ, ದಿನನಿತ್ಯದ ಕೆಲಸ ಮಾಡಿಕೊಂಡೇ ತಲುಪಬಹುದಾದಷ್ಟು ಹತ್ತಿರವೂ ಇದೆ.

ಹೃದ್ರೋಗ, ಅಧಿಕ ರಕ್ತದೊತ್ತಡ, ಮಧುಮೇಹ ಅಥವಾ ಕೀಲುನೋವಿನ ಇತಿಹಾಸ ಇರುವವರು, ನಡೆಯುವಾಗ ಎದೆ ಬಿಗಿದಂತಾಗುವ ಅಥವಾ ತಲೆಸುತ್ತು ಬರುವ ಅನುಭವವಾದವರು ಅಭ್ಯಾಸ ಆರಂಭಿಸುವ ಮುನ್ನವೇ ವೈದ್ಯರನ್ನು ಕಾಣಬೇಕು. ಇದರಲ್ಲಿ ರಾಜಿ ಬೇಡ.

ಪಾದರಕ್ಷೆಗಾಗಿ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಪಾದಗಳು ತುಸು ಹಿಗ್ಗಿರುವ ಸಂಜೆಯ ವೇಳೆ ಶೂ ಹಾಕಿ ನೋಡಿ, ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಗಲದ ಜಾಗ ಬಿಟ್ಟು, ಹಾಕಿದ ಕೂಡಲೇ ಹಿತವೆನಿಸುವ ಜೋಡಿಯನ್ನು ಆರಿಸಿದರೆ ಸಾಕು. ಬೆವರು ಹೀರಿ ಒದ್ದೆಯಾಗಿಯೇ ಉಳಿಯುವ ಹತ್ತಿಯ ಕಾಲುಚೀಲಕ್ಕಿಂತ ಬೇಗ ಒಣಗುವ ಕೃತಕ ನೂಲಿನದು ಗುಳ್ಳೆಗಳನ್ನು ಕಡಿಮೆ ಮಾಡುತ್ತದೆ. ಒಂದು ಜೋಡಿ ಶೂ ಸುಮಾರು 500ರಿಂದ 800 ಕಿಲೋಮೀಟರ್ ಬಾಳುವುದರಿಂದ ಈ ಅಭ್ಯಾಸಕ್ಕೆ ಒಂದೇ ಜೋಡಿ ಧಾರಾಳವಾಯಿತು.

ಹನ್ನೆರಡು ವಾರಗಳ ಅಭ್ಯಾಸ

ಆರಂಭಿಕರು ಮಾಡುವ ಅತಿ ಸಾಮಾನ್ಯ ತಪ್ಪು ನಿಧಾನವಾಗಿ ಓಡದಿರುವುದು. ಪೂರ್ಣ ವಾಕ್ಯಗಳಲ್ಲಿ ಮಾತನಾಡುತ್ತ ಓಡಲು ಸಾಧ್ಯವಾದರೆ ವೇಗ ಸರಿಯಾಗಿದೆ. ಎರಡು ಮೂರು ಪದಗಳಿಗೇ ಉಸಿರು ಕಟ್ಟಿದರೆ ವೇಗ ಹೆಚ್ಚಾಗಿದೆ ಎಂದರ್ಥ. ಇದನ್ನು ಅಂಕಿಗಳಲ್ಲಿ ಹೇಳಬೇಕೆಂದರೆ ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ ರೂಪಿಸಿದ ಶ್ರಮದ ಅಳತೆಗೋಲು ಇದೆ. ಅದು 6ರಿಂದ 20ರವರೆಗೆ ಸಾಗುತ್ತದೆ. ಆರೋಗ್ಯವಂತ ವಯಸ್ಕರಲ್ಲಿ ಆ ಅಂಕಿಯನ್ನು ಹತ್ತರಿಂದ ಗುಣಿಸಿದರೆ ನಿಮಿಷದ ಹೃದಯ ಬಡಿತ ಸರಿಸುಮಾರಾಗಿ ಸಿಗಲಿ ಎಂಬ ಎಣಿಕೆಯಿಂದಲೇ ಅದನ್ನು ಆರರಿಂದ ಆರಂಭಿಸಲಾಗಿತ್ತು. ನಿಮ್ಮ ಬಹುಪಾಲು ಓಟಗಳು ಈ ಗೋಲಿನ 11 ಮತ್ತು 13ರ ನಡುವೆ ಇರಲಿ.

ವಾರಕ್ಕೆ ಮೂರು ದಿನ ಓಡಿದರೆ ಸಾಕು; ಎರಡು ಓಟಗಳ ನಡುವೆ ಕನಿಷ್ಠ ಒಂದು ದಿನ ಬಿಡುವಿರಬೇಕು. ಪ್ರತಿ ಸಲವೂ ಐದು ನಿಮಿಷದ ಚುರುಕು ನಡಿಗೆಯಿಂದ ಆರಂಭಿಸಿ ಐದು ನಿಮಿಷದ ನಿಧಾನ ನಡಿಗೆಯಲ್ಲಿ ಮುಗಿಸಿ. ಮೊದಲ ಎರಡು ವಾರ ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯುವುದನ್ನು ಎಂಟು ಸಲ ಮಾಡಿ. ಮೂರನೆಯ ವಾರ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆಯನ್ನು ಆರು ಸಲ ಮಾಡಿ, ನಾಲ್ಕನೆಯ ವಾರ ಏನನ್ನೂ ಹೆಚ್ಚಿಸದೆ ಅದನ್ನೇ ಪುನರಾವರ್ತಿಸಿ. ಐದನೆಯ ವಾರ ನಾಲ್ಕು ನಿಮಿಷ ಓಟಕ್ಕೆ ಒಂದು ನಿಮಿಷ ನಡಿಗೆಯಂತೆ ಐದು ಸಲ, ಆರನೆಯ ವಾರ ಎಂಟು ನಿಮಿಷ ಓಟಕ್ಕೆ ಒಂದು ನಿಮಿಷ ನಡಿಗೆಯಂತೆ ಮೂರು ಸಲ ಮಾಡಿದರೆ ಏಳನೆಯ ವಾರದ ಕೊನೆಗೆ 5 ಕಿಲೋಮೀಟರ್ ಕೈಗೆಟುಕುತ್ತದೆ.

ಅಲ್ಲಿಂದ ಮುಂದೆ ಲೆಕ್ಕ ನಿಮಿಷಗಳಿಂದ ದೂರಕ್ಕೆ ಬದಲಾಗುತ್ತದೆ. ಎಂಟನೆಯ ವಾರ ಹಗುರವಾಗಿರಲಿ. ಆಮೇಲೆ ವಾರದ ಮೂರು ಓಟಗಳಲ್ಲಿ ಎರಡನ್ನು 4 ಕಿಲೋಮೀಟರ್ ಆಸುಪಾಸಿನಲ್ಲಿಟ್ಟು, ವಾರಾಂತ್ಯದ ಒಂದನ್ನು ಮಾತ್ರ ಒಂಬತ್ತನೆಯ ವಾರ 6.5, ಹತ್ತನೆಯ ವಾರ 8, ಹನ್ನೊಂದನೆಯ ವಾರ 9 ಕಿಲೋಮೀಟರ್‌ಗೆ ಏರಿಸಿ. ಹನ್ನೆರಡನೆಯ ವಾರ ಓಟದ ದಿನದವರೆಗೆ ಎಂದಿನ ಅರ್ಧದಷ್ಟು ಮಾತ್ರ ಓಡಬೇಕು. ಹತ್ತು ಕಿಲೋಮೀಟರನ್ನು ಮೊದಲೇ ಓಡಿ ನೋಡಬೇಕೆಂಬ ಚಪಲ ಬರುವುದು ಸಹಜ, ಆದರೆ ಅದರ ಅಗತ್ಯವಿಲ್ಲ.

ನಡುವೆ ನಡೆಯುವುದು ಸೋಲಲ್ಲ. 1972ರ ಒಲಿಂಪಿಕ್ಸ್‌ನಲ್ಲಿ ಅಮೆರಿಕವನ್ನು ಪ್ರತಿನಿಧಿಸಿದ್ದ ಓಟಗಾರ ಜೆಫ್ ಗ್ಯಾಲೊವೇ ಓಟ ಮತ್ತು ನಡಿಗೆಯನ್ನು ಮೊದಲಿನಿಂದಲೇ ಯೋಜಿಸಿ ಬೆರೆಸುವ ಈ ವಿಧಾನವನ್ನು ಜನಪ್ರಿಯಗೊಳಿಸಿದರು. ಆಯಾಸವಾದ ಮೇಲೆ ನಡೆಯುವುದಲ್ಲ, ಆಯಾಸವಾಗುವ ಮೊದಲೇ ಗಡಿಯಾರ ನೋಡಿ ನಡೆಯುವುದು ಅದರ ಗುಟ್ಟು. ಓಟದ ದಿನವೂ ಇದೇ ಕ್ರಮವನ್ನು ಅನುಸರಿಸಬಹುದು.

ಓಡದ ದಿನಗಳ ಪೈಕಿ ಎರಡು ದಿನ ಹದಿನೈದು ನಿಮಿಷ ಬಸ್ಕಿ ಹೊಡೆಯುವುದು, ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ಒಂಟಿಕಾಲಿನ ಮೇಲೆ ನಿಲ್ಲುವುದು ಮೀನಖಂಡ ಮತ್ತು ಸೊಂಟದ ಸ್ನಾಯುಗಳನ್ನು ಗಟ್ಟಿಗೊಳಿಸುತ್ತವೆ. ಹೃದಯ ಮತ್ತು ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಹೊಂದಿಕೊಳ್ಳುತ್ತವೆ, ಸ್ನಾಯುರಜ್ಜು ಮತ್ತು ಮೂಳೆಗಳಿಗೆ ಅದಕ್ಕಿಂತ ಹೆಚ್ಚು ಕಾಲ ಬೇಕು. ಹೆಚ್ಚಿನ ಗಾಯಗಳು ಅಭ್ಯಾಸದ ನಡುವಿನ ವಾರಗಳಲ್ಲಿ, ‘ಈಗ ಚೆನ್ನಾಗಿ ಓಡಬಲ್ಲೆ’ ಎನ್ನಿಸುವ ಹೊತ್ತಿನಲ್ಲೇ ಆಗುವುದಕ್ಕೆ ಈ ಅಂತರವೂ ಒಂದು ಕಾರಣ.

ನೋವು ಬಂದಾಗ

ಎರಡೂ ಕಾಲುಗಳಲ್ಲಿ ಸಮನಾಗಿ ಕಾಣಿಸಿಕೊಂಡು ಎರಡು ದಿನಗಳಲ್ಲಿ ಇಳಿಯುವ ಮೈಕೈ ನೋವಿಗೆ ಹೆದರಬೇಕಿಲ್ಲ. ಒಂದೇ ಬಿಂದುವಿನಲ್ಲಿ ಚುಚ್ಚುವ, ಓಡುತ್ತಾ ಹೋದಂತೆ ಹೆಚ್ಚುವ, ಕುಂಟುವಂತೆ ಮಾಡುವ ಅಥವಾ ರಾತ್ರಿ ಎಚ್ಚರಗೊಳಿಸುವ ನೋವಿದ್ದರೆ ಓಟವನ್ನು ನಿಲ್ಲಿಸಿ ವೈದ್ಯರನ್ನೋ ಭೌತಚಿಕಿತ್ಸಕರನ್ನೋ ಕಾಣಬೇಕು. ಸಹಾಯಾರ್ಥ ಓಟಗಾರರಿಗೆ ಇರುವ ವಿಶೇಷ ತೊಡಕು ಇಲ್ಲಿಯೇ ಎದುರಾಗುತ್ತದೆ: ‘ಇಷ್ಟು ಜನ ಹಣ ಕೊಟ್ಟಿದ್ದಾರೆ, ಈಗ ಹೇಗೆ ನಿಲ್ಲಿಸಲಿ’ ಎಂಬ ಸಂಕೋಚ ಗಾಯವನ್ನು ಮುಚ್ಚಿಡುವಂತೆ ಮಾಡುತ್ತದೆ. ಇದಕ್ಕೆ ಮದ್ದನ್ನು ಮೊದಲ ದಿನವೇ ಸಿದ್ಧಪಡಿಸಿಟ್ಟುಕೊಳ್ಳಬೇಕು. ‘ದೇಣಿಗೆ ಸಂಸ್ಥೆಯ ಕೆಲಸಕ್ಕೆ ಹೋಗುತ್ತದೆ, ನನ್ನ ಓಟ ಅದಕ್ಕೊಂದು ನೆಪ. ಆರೋಗ್ಯದ ಕಾರಣದಿಂದ ನಾನು ನಡೆದು ಮುಗಿಸಿದರೂ ಅಥವಾ ಓಡಲಾಗದಿದ್ದರೂ ಹಣ ಅಲ್ಲಿಗೇ ತಲುಪುತ್ತದೆ’ ಎಂಬ ಸಾಲುಗಳನ್ನು ಆನ್‌ಲೈನ್ ದೇಣಿಗೆ ಪುಟದಲ್ಲಿಯೇ ಬರೆದುಬಿಡಿ.

ಪೂರ್ತಿಯಾಗದ ಓಟಕ್ಕೆ ಬೆಲೆಯಿಲ್ಲ ಎನ್ನುವವರು ಟೆರ್ರಿ ಫಾಕ್ಸ್‌ನನ್ನು ನೆನೆಯಬಹುದು. ಕ್ಯಾನ್ಸರ್‌ನಿಂದ ಬಲಗಾಲನ್ನು ಕಳೆದುಕೊಂಡಿದ್ದ ಈ ಕೆನಡಾದ ಯುವಕ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು 1980ರ ಏಪ್ರಿಲ್ 12ರಂದು ಕೃತಕ ಕಾಲಿನೊಂದಿಗೆ ದೇಶವನ್ನು ಅಡ್ಡಲಾಗಿ ದಾಟಲು ಹೊರಟ. ರೋಗ ಶ್ವಾಸಕೋಶಕ್ಕೆ ಹರಡಿದ್ದರಿಂದ 143 ದಿನಗಳಲ್ಲಿ 5,373 ಕಿಲೋಮೀಟರ್ ಕ್ರಮಿಸಿ ಸೆಪ್ಟೆಂಬರ್ 1ರಂದು ಥಂಡರ್ ಬೇ ಬಳಿ ಓಟವನ್ನು ನಿಲ್ಲಿಸಬೇಕಾಯಿತು. ಪ್ರತಿ ಕೆನಡಿಯನ್ನರಿಂದ ಒಂದೊಂದು ಡಾಲರ್ ಎಂಬುದು ಅವನ ಗುರಿಯಾಗಿತ್ತು; 1981ರ ಫೆಬ್ರವರಿಯ ಹೊತ್ತಿಗೆ ಸಂಗ್ರಹ 2.4 ಕೋಟಿ ಡಾಲರ್ ದಾಟಿ ಆ ಗುರಿ ಈಡೇರಿತು. ಇಲ್ಲಿ ನೋಯುತ್ತಲೇ ಓಡಬೇಕೆಂಬ ಪಾಠ ಯಾರೂ ಹುಡುಕಬೇಕಿಲ್ಲ. ಓಟ ಅರ್ಧಕ್ಕೆ ನಿಂತಿತೆಂದು ಕೊಡುವವರು ಕೈ ಹಿಂತೆಗೆದುಕೊಳ್ಳಲಿಲ್ಲ ಎಂಬುದಷ್ಟೇ ಇಲ್ಲಿ ಮುಖ್ಯ.

ಹೆಜ್ಜೆಗೆ ತಕ್ಕ ಸಂಗೀತ

ಕಡಿಮೆ ಮತ್ತು ಮಧ್ಯಮ ವೇಗದ ಓಟದಲ್ಲಿ ಸಂಗೀತ ಶ್ರಮದ ಅರಿವನ್ನು ತಗ್ಗಿಸುತ್ತದೆ. ಉಸಿರು ಕಟ್ಟುವಷ್ಟು ವೇಗಕ್ಕೆ ಹೋದಾಗ ದೇಹದ ಸಂಕೇತಗಳೇ ಮೇಲುಗೈ ಪಡೆದು ಅದರ ಪರಿಣಾಮ ಬಹಳಷ್ಟು ಕುಗ್ಗುತ್ತದೆ. ನಿಧಾನ ಓಟವೇ ನಮ್ಮ ಗುರಿಯಾಗಿರುವುದರಿಂದ ಹಾಡುಗಳ ಪಟ್ಟಿಯೊಂದನ್ನು ಶ್ರದ್ಧೆಯಿಂದ ಜೋಡಿಸಿಕೊಳ್ಳುವುದು ಸಾರ್ಥಕ.

ಮೊದಲು ನಿಮ್ಮ ಹೆಜ್ಜೆಯ ಲಯವನ್ನು ಅಳೆಯಿರಿ. ಸಹಜ ವೇಗದಲ್ಲಿ ಓಡುತ್ತ ಅರ್ಧ ನಿಮಿಷದಲ್ಲಿ ಎರಡೂ ಪಾದಗಳು ನೆಲ ಮುಟ್ಟಿದ್ದನ್ನು ಎಣಿಸಿ ಎರಡರಿಂದ ಗುಣಿಸಿದರೆ ನಿಮಿಷದ ಹೆಜ್ಜೆಗಳು ಸಿಗುತ್ತವೆ. ಹವ್ಯಾಸಿ ಓಟಗಾರರಲ್ಲಿ ಇದು ಹೆಚ್ಚಾಗಿ 150ರಿಂದ 175ರ ನಡುವೆ ಇರುತ್ತದೆ. ನಿಮಿಷಕ್ಕೆ 180 ಹೆಜ್ಜೆ ಎಲ್ಲರಿಗೂ ಆದರ್ಶವೆಂಬ ಮಾತು ವ್ಯಾಪಕವಾಗಿದೆ. ಅದರ ಮೂಲ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ತರಬೇತುದಾರ ಜ್ಯಾಕ್ ಡೇನಿಯಲ್ಸ್ ಅಗ್ರ ಓಟಗಾರರ ಹೆಜ್ಜೆಗಳನ್ನು ಎಣಿಸಿದ್ದರಲ್ಲಿದೆ. ಅವರ ವೇಗದಲ್ಲಿ ಓಡದವರು ಅವರ ಹೆಜ್ಜೆಯ ಸಂಖ್ಯೆಯನ್ನು ಮಾತ್ರ ಅನುಕರಿಸುವುದರಲ್ಲಿ ಅರ್ಥವಿಲ್ಲ. ಮೊಣಕಾಲಿಗೆ ಹೊರೆ ಎನಿಸುತ್ತಿದ್ದರೆ ನಿಮ್ಮ ಸಹಜ ಲಯವನ್ನು ಶೇಕಡ 5ರಷ್ಟು ಏರಿಸಿ ಹೆಜ್ಜೆಗಳನ್ನು ಚಿಕ್ಕದಾಗಿಸಿ ನೋಡಬಹುದು. ಅದರಿಂದ ಮೊಣಕಾಲಿನ ಮೇಲಿನ ಭಾರ ಕಡಿಮೆಯಾಗುತ್ತದೆ ಎಂದು ಪ್ರಯೋಗಗಳು ತೋರಿಸಿವೆ.

ನಿಮ್ಮ ಲಯ 160 ಎಂದಾದರೆ ನಿಮಿಷಕ್ಕೆ 160 ತಾಳದ ಅಥವಾ ಅದರ ಅರ್ಧವಾದ 80 ತಾಳದ ಹಾಡುಗಳು ಹೊಂದುತ್ತವೆ. ಎರಡನೆಯ ಬಗೆಯಲ್ಲಿ ಪ್ರತಿ ತಾಳಕ್ಕೆ ಎರಡು ಹೆಜ್ಜೆ ಬೀಳುತ್ತವೆ, ಮತ್ತು ಆಯ್ಕೆಯೂ ಬಹಳ ಹಿಗ್ಗುತ್ತದೆ. ಒಂದು ಹಾಡಿಗೆ ತೊಡೆ ತಟ್ಟುತ್ತ 15 ಸೆಕೆಂಡುಗಳ ತಾಳವನ್ನೆಣಿಸಿ ನಾಲ್ಕರಿಂದ ಗುಣಿಸಿದರೆ ಅದರ ಗತಿ ತಿಳಿಯುತ್ತದೆ. ಮೊದಲ ಹದಿನೈದು ನಿಮಿಷಕ್ಕೆ ನಿಮ್ಮ ಲಯಕ್ಕಿಂತ ತುಸು ನಿಧಾನವಾದ, ಶಾಂತವಾದ ಹಾಡುಗಳನ್ನೇ ಇಡಿ, ಏಕೆಂದರೆ ಆರಂಭದಲ್ಲಿ ಉತ್ಸಾಹ ಉಕ್ಕಿಸುವ ಹಾಡು ನಿಮ್ಮನ್ನು ಅಳತೆ ಮೀರಿ ಓಡಿಸುತ್ತದೆ. ಅತ್ಯಂತ ಪ್ರಿಯವಾದ ಮೂರ್ನಾಲ್ಕು ಹಾಡುಗಳನ್ನು ಏಳನೆಯ ಕಿಲೋಮೀಟರ್‌ನ ನಂತರಕ್ಕೆ ಕಾಯ್ದಿರಿಸಿ, ಅಭ್ಯಾಸದಲ್ಲಿ ಅವನ್ನು ಬಳಸಬೇಡಿ. ಕಿವಿಯನ್ನು ಪೂರ್ತಿ ಮುಚ್ಚದ ಸಾಧನ ಬಳಸುವುದು, ಹಿಂದಿನಿಂದ ಬರುವ ವಾಹನದ ಸದ್ದು ಕೇಳುವಷ್ಟು ಧ್ವನಿಯನ್ನು ತಗ್ಗಿಸಿಡುವುದು ಕಡ್ಡಾಯ. ಕೆಲವು ಓಟಗಳಲ್ಲಿ ಇಯರ್‌ಫೋನ್‌ಗೆ ಅನುಮತಿಯೇ ಇರುವುದಿಲ್ಲವಾದ್ದರಿಂದ ನಿಯಮಗಳನ್ನು ಮೊದಲೇ ಓದಿ, ವಾರಕ್ಕೊಮ್ಮೆ ಸಂಗೀತವಿಲ್ಲದೆಯೂ ಓಡಿ ರೂಢಿಸಿಕೊಳ್ಳಿ.

ಪೋಸ್ಟರ್ ಮತ್ತು ದೇಣಿಗೆ ಪುಟ

ವಿನ್ಯಾಸದಲ್ಲಿ ಆಸಕ್ತಿಯಿರುವವರಿಗೆ ಇದು ಖುಷಿಯ ಕೆಲಸ. ಅದೇ ಕಾರಣಕ್ಕೆ ಅಪಾಯವೂ ಉಂಟು: ಬಣ್ಣ, ಚೌಕಟ್ಟು, ಚಿತ್ರಗಳು ಸೇರುತ್ತ ಹೋಗಿ ಹೇಳಬೇಕಾದ ಮಾತು ಮರೆಯಾಗುತ್ತದೆ. ಒಂದು ಪೋಸ್ಟರ್ ಒಂದೇ ವಾಕ್ಯವನ್ನು ದೂರದಿಂದ ಓದಿಸಬೇಕು, ಹತ್ತಿರ ಬಂದವರಿಗೆ ಉಳಿದ ವಿವರ ಸಿಗಬೇಕು. ‘ನಾನು 10 ಕಿಲೋಮೀಟರ್ ಓಡುತ್ತಿದ್ದೇನೆ’ ಎಂಬುದು ಆ ವಾಕ್ಯವಾಗಬಾರದು. ಹಣದಿಂದ ಏನಾಗುತ್ತದೆ ಎಂಬುದು ಆಗಬೇಕು. ಅದರ ಕೆಳಗೆ ಸಂಸ್ಥೆಯ ಹೆಸರು, ಓಟದ ದಿನಾಂಕ, ದೇಣಿಗೆ ಪುಟದ ಕ್ಯೂಆರ್ ಕೋಡ್ ಇದ್ದರೆ ಸಾಕು.

ಅಕ್ಷರಶೈಲಿ ಎರಡಕ್ಕಿಂತ ಹೆಚ್ಚು ಬೇಡ. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಅಕ್ಷರದ ಗಾತ್ರದ ಒಂದೂವರೆ ಪಟ್ಟಿನಷ್ಟು ಅಂತರ ಬೇಕಾಗುತ್ತದೆ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರ ಮತ್ತು ಹಿನ್ನೆಲೆಯ ಹೊಳಪಿನ ವ್ಯತ್ಯಾಸ ಕನಿಷ್ಠ 4.5ಕ್ಕೆ 1ರ ಅನುಪಾತದಲ್ಲಿರಬೇಕೆಂಬುದು ಜಾಲಪುಟಗಳಿಗಾಗಿ ರೂಪಿಸಿದ ಅಂತರರಾಷ್ಟ್ರೀಯ ಮಾರ್ಗಸೂಚಿ. ಮುದ್ರಣಕ್ಕೂ ಅದನ್ನೇ ಪಾಲಿಸಬಹುದು. ಎ3 ಹಾಳೆಯ ಅಳತೆ 297 × 420 ಮಿಲಿಮೀಟರ್. ಇಂಚಿಗೆ 300 ಚುಕ್ಕಿಗಳ ಸ್ಪಷ್ಟತೆಗೆ ಚಿತ್ರ 3508 × 4961 ಪಿಕ್ಸೆಲ್ ಇರಬೇಕು. ಕ್ಯೂಆರ್ ಕೋಡಿನ ಸುತ್ತ ಅದರ ನಾಲ್ಕು ಪುಟ್ಟ ಚೌಕಗಳಷ್ಟು ಖಾಲಿ ಅಂಚು ಬಿಟ್ಟು, ಮುದ್ರಿಸುವ ಮುನ್ನ ಎರಡು ಬೇರೆ ಬೇರೆ ಫೋನುಗಳಿಂದ ಪರೀಕ್ಷಿಸಿ.

ನೆರವು ಪಡೆಯುವವರ ದೈನ್ಯವನ್ನು ಎತ್ತಿ ತೋರಿಸುವ ಛಾಯಾಚಿತ್ರಗಳನ್ನು ಬಳಸಬಾರದು. ಯಾರದೇ ಮುಖ ಬಳಸುವುದಿದ್ದರೂ ಅವರ ಒಪ್ಪಿಗೆ ಮತ್ತು ಸಂಸ್ಥೆಯ ಲಿಖಿತ ಅನುಮತಿ ಇರಬೇಕು. ಸಂಸ್ಥೆಯ ಲಾಂಛನಕ್ಕೂ ಇದೇ ನಿಯಮ.

ಕೇಳುವ ಕ್ರಮ

ಮೊದಲ ವಾರದಲ್ಲೇ ಕುಳಿತು ಹೆಸರುಗಳ ಪಟ್ಟಿ ಮಾಡಿ: ಮನೆಯವರು, ಹತ್ತಿರದ ಗೆಳೆಯರು, ಸಹೋದ್ಯೋಗಿಗಳು, ಹಳೆಯ ಸಹಪಾಠಿಗಳು, ದೂರದ ಪರಿಚಿತರು. ಈ ಕ್ರಮದಲ್ಲೇ ಕೇಳಬೇಕು, ಏಕೆಂದರೆ ಪುಟವನ್ನು ತೆರೆದವರು ಮೊದಲು ನೋಡುವುದು ತಮಗಿಂತ ಮುಂಚೆ ಯಾರು ಎಷ್ಟು ಕೊಟ್ಟಿದ್ದಾರೆ ಎಂಬುದನ್ನು. ಖಾಲಿ ಪುಟಕ್ಕೆ ಮೊದಲಿಗರಾಗಿ ಕೊಡಲು ಎಲ್ಲರೂ ಹಿಂಜರಿಯುತ್ತಾರೆ. ಆದ್ದರಿಂದ ಮೊದಲ ದೇಣಿಗೆಯನ್ನು ನೀವೇ ಹಾಕಿ, ಆತ್ಮೀಯರಾದ ನಾಲ್ಕೈದು ಜನರಿಂದ ಸೇರಿಸಿ, ಆಮೇಲೆ ಪುಟವನ್ನು ಎಲ್ಲರಿಗೂ ತೆರೆಯಿರಿ.

ಗುಂಪಿಗೆ ಕಳಿಸಿದ ಸಂದೇಶ ಯಾರಿಗೂ ಕಳಿಸಿದಂತಲ್ಲ. ಒಬ್ಬೊಬ್ಬರಿಗೂ ಬೇರೆಯಾಗಿ, ಅವರೊಂದಿಗಿನ ನಿಮ್ಮ ಸಂಬಂಧವನ್ನು ನೆನೆದು ಬರೆಯುವುದು ಸಮಯ ತೆಗೆದುಕೊಳ್ಳುತ್ತದೆ, ಆದರೆ ಹಣ ಬರುವುದು ಹೆಚ್ಚಾಗಿ ಅದರಿಂದಲೇ. ಹಿಂದೆ ಕಲಿಸಿದ ಶಿಕ್ಷಕಿಯೊಬ್ಬರಿಗೆ ಹೀಗೆ ಬರೆಯಬಹುದು:

“ನಮಸ್ಕಾರ ಮೇಡಂ. ಬರುವ ತಿಂಗಳ ಕೊನೆಯ ಭಾನುವಾರ ನಾನು ಮೊದಲ ಸಲ ಹತ್ತು ಕಿಲೋಮೀಟರ್ ಓಡುತ್ತಿದ್ದೇನೆ. ಕಣ್ಣು ಕಾಣದ ಮಕ್ಕಳಿಗೆ ಬ್ರೈಲ್ ಪುಸ್ತಕ ಒದಗಿಸುವ ಸಂಸ್ಥೆಗೆ ಇದರ ಮೂಲಕ ದೇಣಿಗೆ ಕೂಡಿಸುತ್ತಿದ್ದೇನೆ. ನನಗೆ ಓದಿನ ರುಚಿ ಹತ್ತಿಸಿದವರು ನೀವು, ಹಾಗಾಗಿ ನಿಮ್ಮನ್ನು ಕೇಳಬೇಕೆನ್ನಿಸಿತು. ಒಂದು ಪುಸ್ತಕಕ್ಕಾಗುವಷ್ಟು ಕೊಡಲು ಸಾಧ್ಯವಾದರೆ ಕೆಳಗಿನ ಕೊಂಡಿಯಲ್ಲಿ ಕೊಡಬಹುದು. ಈಗ ಅನುಕೂಲವಿಲ್ಲದಿದ್ದರೆ ದಯವಿಟ್ಟು ಸಂಕೋಚ ಪಡಬೇಡಿ.”

ಮೊತ್ತದ ಸೂಚನೆ ಇರುವುದನ್ನು ಗಮನಿಸಿ. ‘ತಮಗೆ ತೋಚಿದಷ್ಟು’ ಎಂದರೆ ಕೊಡುವವರಿಗೆ ಎಷ್ಟು ಕೊಟ್ಟರೆ ಕಡಿಮೆ, ಎಷ್ಟು ಕೊಟ್ಟರೆ ಹೆಚ್ಚು ಎಂಬ ಗೊಂದಲವಾಗುತ್ತದೆ; ಸಂಸ್ಥೆಯಿಂದ ಕೇಳಿ ತಿಳಿದುಕೊಂಡ ಒಂದು ನಿಜವಾದ ವೆಚ್ಚವನ್ನು ಮುಂದಿಟ್ಟರೆ ಆ ಗೊಂದಲವಿರುವುದಿಲ್ಲ. ಉತ್ತರ ಬರದಿದ್ದರೆ ಎರಡು ಮೂರು ವಾರ ಬಿಟ್ಟು ಒಮ್ಮೆ ನೆನಪಿಸಬಹುದು, ಎರಡನೆಯ ಸಲ ನೆನಪಿಸುವುದು ಒತ್ತಾಯವಾಗುತ್ತದೆ. ಕೈಕೆಳಗೆ ಕೆಲಸ ಮಾಡುವವರನ್ನು ನೇರವಾಗಿ ಕೇಳುವುದು ಸರ್ವಥಾ ಸಲ್ಲದು, ಏಕೆಂದರೆ ಅವರಿಗೆ ಇಲ್ಲವೆನ್ನುವ ಸ್ವಾತಂತ್ರ್ಯ ನಿಜವಾಗಿ ಇರುವುದಿಲ್ಲ. ಕೊಟ್ಟವರಿಗೆ ಅದೇ ದಿನ, ಹೆಚ್ಚೆಂದರೆ ಮರುದಿನ, ಹೆಸರು ಹಿಡಿದು ಕೃತಜ್ಞತೆ ಹೇಳಿ.

ಓಟದ ದಿನ

ಹೊಸ ಶೂ, ಹೊಸ ಬಟ್ಟೆ, ಹೊಸ ಆಹಾರ ಯಾವುದನ್ನೂ ಆ ದಿನ ಪ್ರಯೋಗಿಸಬೇಡಿ. ಅಭ್ಯಾಸದ ದಿನಗಳಲ್ಲಿ ಒಗ್ಗಿದ ತಿಂಡಿಯನ್ನು ಎರಡರಿಂದ ಮೂರು ಗಂಟೆ ಮೊದಲು ಮುಗಿಸಿ. ಎದೆಗೆ ಸಿಕ್ಕಿಸಿಕೊಳ್ಳುವ ಓಟದ ಸಂಖ್ಯೆಯ ಹಾಳೆಯ (ಬಿಬ್) ಹಿಂಬದಿಯಲ್ಲಿ ತುರ್ತು ಸಂಪರ್ಕ, ರಕ್ತದ ಗುಂಪು, ಅಲರ್ಜಿಗಳನ್ನು ಬರೆಯಿರಿ. ಉಜ್ಜುವ ಜಾಗಗಳಿಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಸಾಲಿನ ಹಿಂಭಾಗದಲ್ಲಿ ನಿಂತು, ಮೊದಲ ಎರಡು ಕಿಲೋಮೀಟರ್‌ಗಳಲ್ಲಿ ಎಲ್ಲರೂ ನಿಮ್ಮನ್ನು ಹಿಂದಿಕ್ಕಿ ಹೋಗಲು ಬಿಡಿ.

ನೀರನ್ನು ಬಾಯಾರಿಕೆಗೆ ತಕ್ಕಷ್ಟೇ ಕುಡಿಯಬೇಕು. ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಅಂಶ ಕುಸಿದು ಜೀವಕ್ಕೇ ಅಪಾಯವಾಗಬಹುದು. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ ಓಟ ಮುಗಿಸಿದ 488 ಜನರ ರಕ್ತವನ್ನು ಪರೀಕ್ಷಿಸಿದಾಗ ಶೇಕಡ 13ರಷ್ಟು ಮಂದಿಯಲ್ಲಿ ಈ ಕೊರತೆ ಕಂಡುಬಂದಿತ್ತು, ಮತ್ತು ಓಟದ ಅವಧಿಯಲ್ಲಿ ದೇಹದ ತೂಕ ಹೆಚ್ಚಿದವರಲ್ಲಿ ಅದರ ಸಂಭವ ಅಧಿಕವಾಗಿತ್ತು. ಹತ್ತು ಕಿಲೋಮೀಟರ್‌ನಲ್ಲಿ ಈ ಭಯ ಕಡಿಮೆಯಾದರೂ ಪ್ರತಿ ನೀರಿನ ಮೇಜಿನ ಬಳಿ ಕುಡಿಯಲೇಬೇಕೆಂಬ ನಿಯಮವೇನೂ ಇಲ್ಲ. ಎದೆನೋವು, ತಲೆಸುತ್ತು, ಗೊಂದಲ ಕಾಣಿಸಿಕೊಂಡರೆ ಕೂಡಲೇ ನಿಂತು ಸ್ವಯಂಸೇವಕರನ್ನು ಕರೆಯಬೇಕು. ಗುರಿ ಮುಟ್ಟಿದ ಕೂಡಲೇ ಕುಳಿತುಬಿಡದೆ ಹತ್ತು ನಿಮಿಷ ನಡೆಯಿರಿ.

ಲೆಕ್ಕ ಒಪ್ಪಿಸುವುದು

ಓಟ ಮುಗಿದ ಸಂಜೆಯೇ ಒಂದು ಚಿತ್ರ ಮತ್ತು ಎರಡು ಸಾಲಿನ ಸುದ್ದಿಯನ್ನು ದಾನಿಗಳಿಗೂ, ಇನ್ನೂ ಕೊಡದವರಿಗೂ ಕಳಿಸಿ. ಕೊಡಬೇಕೆಂದುಕೊಂಡು ಮರೆತಿದ್ದವರು ಆಗ ಕೊಡುತ್ತಾರೆ, ಆದ್ದರಿಂದ ಪುಟವನ್ನು ಇನ್ನೆರಡು ವಾರ ತೆರೆದಿಟ್ಟಿರುವುದು ಒಳ್ಳೆಯದು. ಕೈಯಲ್ಲಿ ಕೊಟ್ಟ ನಗದೇನಾದರೂ ಇದ್ದರೆ ಕೊಟ್ಟವರ ಹೆಸರು ಸಹಿತ ಆ ವಾರವೇ ಸಂಸ್ಥೆಗೆ ಕಟ್ಟಿ ರಸೀದಿಗಳನ್ನು ಅವರಿಗೆ ತಲುಪಿಸಿ. ಮುದ್ರಣದ ಖರ್ಚು, ಓಟದ ಪ್ರವೇಶ ಶುಲ್ಕ, ಶೂಗಳ ಬೆಲೆಯನ್ನು ದೇಣಿಗೆಯಿಂದ ಕಳೆಯಬಾರದು. ಹವ್ಯಾಸದ ವೆಚ್ಚ ಹವ್ಯಾಸಿಯದು.

ಪುಟ ಮುಚ್ಚಿದ ಮೇಲೆ ಒಟ್ಟು ಮೊತ್ತ, ವೇದಿಕೆ ಹಿಡಿದುಕೊಂಡ ಪಾಲು, ಸಂಸ್ಥೆಗೆ ತಲುಪಿದ ಮೊತ್ತ ಎಂಬ ಮೂರು ಅಂಕಿಗಳನ್ನು ಸಂಸ್ಥೆಯ ಸ್ವೀಕೃತಿ ಪತ್ರದ ಜೊತೆ ಎಲ್ಲ ದಾನಿಗಳಿಗೂ ಕಳಿಸಿ. ಯಾರು ಎಷ್ಟು ಕೊಟ್ಟರೆಂಬುದನ್ನು ಆ ಪತ್ರದಲ್ಲಿ ಸೇರಿಸಬೇಡಿ. ಆರು ತಿಂಗಳ ನಂತರ ಹಣ ಹೇಗೆ ಬಳಕೆಯಾಯಿತೆಂದು ಸಂಸ್ಥೆಯನ್ನು ಕೇಳಿ, ಬಂದ ಉತ್ತರವನ್ನು ಅವರಿಗೆಲ್ಲ ಇನ್ನೊಮ್ಮೆ ತಿಳಿಸಲು ಕ್ಯಾಲೆಂಡರ್‌ನಲ್ಲಿ ಈಗಲೇ ಗುರುತು ಹಾಕಿಕೊಳ್ಳಿ, ಮತ್ತು ಅಂಟಿಸಿದ ಪೋಸ್ಟರ್‌ಗಳನ್ನು ನೀವೇ ಹೋಗಿ ತೆಗೆದುಹಾಕಿ.